ಟೇಪಿನ ತುದಿ

ನನ್ನ ಕೆಲಸ ದೊಡ್ಡದಲ್ಲ. ಟೇಪಿನ ತುದಿ ಹಿಡಿಯುವುದು.
ಇಪ್ಪತ್ತು ಮೀಟರಿನ ಹಳದಿ ಟೇಪು,
ಸೊನ್ನೆಯಿರುವ ಕಡೆ ನಾನು,
ಇಪ್ಪತ್ತಿರುವ ಕಡೆ ಮೃಣಾಲಿ ಪೆಡ್ನೇಕರ್,
ಕಾರವಾರದ ಕೋಡಿಬಾಗದಲ್ಲಿ ಕಡಲು ಓದುವವಳು.
ನಡುವೆ ನೇತ್ರಾಣಿಯ ಬುಡ.

ಮುರುಡೇಶ್ವರದಿಂದ ಏಳಕ್ಕೆ ಬಿಟ್ಟ ದೋಣಿ
ಒಂಬತ್ತಕ್ಕೆ ಗುಡ್ಡದ ನೆರಳು ಸೇರುತ್ತದೆ.
ಮೇಲೆ, ಜಟ್ಟಿಗನಿಗೆಂದು ಬಿಟ್ಟ ಆಡುಗಳು
ಮೇಯುವುದು ನಿಲ್ಲಿಸಿ ನಮ್ಮನ್ನು ನೋಡುತ್ತವೆ.
ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು
ಹಿಂದಕ್ಕೆ ಮಗುಚಿ ಬೀಳುತ್ತೇವೆ.
ಐವತ್ತು ದಾಟಿದ ಮೇಲೆ ಕಲಿತ ಬೀಳುವಿಕೆ ಇದು;
ಮುಂಚೆ ಉಸಿರು ಕಟ್ಟಿ ಮುಳುಗುತ್ತಿದ್ದೆ,
ಉಳಿಯೊಂದು ಕೈಯಲ್ಲಿ, ನೀಲಿಕಲ್ಲು ಕೀಳಲು.

ಮೊದಲ ದಿನ ಕೇಳಿದ್ದೆ: ಹವಳ ಅಂದರೆ ಕೆಂಪಲ್ಲವೇನೇ?
ಅಕ್ಕನ ಮದುವೆ ತಪ್ಪುತ್ತಲೇ ಇದೆಯೆಂದು
ಭಟ್ಟರು ಕುಜನಿಗೊಂದು ಉಂಗುರ ಹೇಳಿದ್ದರು,
ಹಣ್ಣು ಮೆಣಸಿನಂಥ ಕಲ್ಲು ಅದರಲ್ಲಿ.
ಇವೋ, ಕಂದು, ಪಾಚಿ ಬಣ್ಣ, ಸಗಣಿ ಬಣ್ಣ.
ಅವಳು ನಕ್ಕಳು. ‘ಬಣ್ಣ ಇವುಗಳದ್ದಲ್ಲ ಮಾಮಾ,
ಒಳಗೆ ಬಿಡಾರ ಹೂಡಿದವರದ್ದು.
ಅವರೇ ಬೇಯಿಸಿ ಇವಕ್ಕೆ ಬಡಿಸುವುದು.
ನೀರು ಕಾದರೆ ಎದ್ದು ಹೋಗುತ್ತಾರೆ.’

ಹೋಗಿದ್ದಾರೆ.
ಈ ಏಪ್ರಿಲಿನಲ್ಲಿ ಆರರಿಂದ ಒಂಬತ್ತನೇ ಮೀಟರಿನವರೆಗೆ
ಬರೀ ಬಿಳಿ.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಈ ಬಿಳುಪು ನಾನು ಬಲ್ಲೆ.
ತದಡಿಯಲ್ಲಿ ಅವ್ವಿ ಚಿಪ್ಪಿ ಸುಡುತ್ತಿದ್ದಳು.
ನಸುಕಿನಲ್ಲಿ ಗೂಡಿನ ಬಾಯಿಂದ ಎಳೆದ ಸುಣ್ಣ
ಹೀಗೇ ಇರುತ್ತಿತ್ತು, ಕತ್ತಲಲ್ಲೂ ಕಾಣುವ ಹಾಗೆ.
ಆ ಗೂಡಿಗೆ ಇದ್ದಿಲು ಬೇಕಿತ್ತು,
ತಿದಿ ಒತ್ತಲು ನಿದ್ದೆಗಣ್ಣಿನ ನಾನು ಬೇಕಿತ್ತು.
ಇಲ್ಲಿ ಹೊಗೆಯಿಲ್ಲ, ಕಿಡಿಯಿಲ್ಲ,
ಬಾಣಂತಿಗೆ ಹದ ಮಾಡಿದಂಥ ನೀರು, ಅಷ್ಟೆ.

ಬೆಳ್ಳಗಾದದ್ದು ಸತ್ತದ್ದಲ್ಲ, ಹಸಿದದ್ದು, ಎನ್ನುತ್ತಾಳೆ.
ಮಳೆ ಹಿಡಿದು ನೀರು ತಣಿದರೆ ಕೆಲವು ತಿರುಗಿ ಬರುತ್ತವೆ.
ಅವಳು ಹೆದರುವುದು ಕಪ್ಪು ಪಟ್ಟಿಗೆ.
ಸೀರೆಯ ಸಣ್ಣಂಚಿನಷ್ಟು ಅಗಲ.
ಮುಂದೆ ಜೀವ, ಹಿಂದೆ ಎಲುಬು,
ನಡುವೆ ಈ ಅಂಚು ನಡೆಯುತ್ತದೆ,
ದಿನಕ್ಕೊಂದು ಭತ್ತದ ಕಾಳಿನಷ್ಟು.

ಹದಿಮೂರರಲ್ಲಿ ಕೈಬೀಸಿ ಕರೆದಳು.
ತುದಿಯನ್ನು ಕಲ್ಲಿಗೆ ಸಿಕ್ಕಿಸಿ ಹೋದೆ.
ಹಂಡೆಯಷ್ಟು ದೊಡ್ಡ ಗುಂಡು ಹವಳ,
ನೆತ್ತಿಯಲ್ಲಿ ಎರಡು ಬೆರಳು ಆಳದ ಸೀಳು,
ಸೀಳಿನಿಂದ ಹೊರಟ ಪಟ್ಟಿ ಅರ್ಧ ಮೈ ತಿಂದಿದೆ.
ಪಾಟಿಯ ಮೇಲೆ ‘ಕಾರಣ’ದ ಮನೆಗೆ ಬಂದು
ಅವಳ ಪೆನ್ಸಿಲು ನಿಂತಿತು. ಪ್ರಶ್ನೆ ಚಿಹ್ನೆ ಹಾಕಿದಳು.

ನನಗೆ ಗೊತ್ತಾಯಿತು.
ನಾಲ್ಕು ಹಲ್ಲಿನ ಲಂಗರು, ಒಂದು ಹಲ್ಲು ಸೊಟ್ಟ,
ಭಟ್ಕಳದ ಕುಲುಮೆಗೆ ಒಯ್ಯಬೇಕೆಂದು
ಒಯ್ಯದೇ ಉಳಿದದ್ದು.
ಈ ನೆರಳಿನಲ್ಲಿ ಎಷ್ಟು ಸಲ ಎಸೆದೆನೋ.
ಕೆಳಗಿರುವುದು ಕಲ್ಲು ಅಂದುಕೊಂಡಿದ್ದೆವು.
ಹಗ್ಗ ಬಿಗಿದೊಡನೆ ‘ಕಚ್ಚಿತು!’ ಎಂದು
ಬೀಡಿ ಹಚ್ಚುತ್ತಿದ್ದೆವು.

ದೋಣಿ ಹತ್ತಿ ಕೇಳಿದೆ, ಅದಕ್ಕೆಷ್ಟು ವಯಸ್ಸು?
‘ಹೆಚ್ಚು ಕಡಿಮೆ ನಿಮ್ಮದೇ.’
ಹಾಗಾದರೆ ಕಾರಣದ ಮನೆಯಲ್ಲಿ ಬರೆ:
ಬೊಮ್ಮಯ್ಯ ಹರಿಕಂತ್ರ.
ಅವಳು ಜಡೆಯ ನೀರು ಹಿಂಡುತ್ತ ಕೂತಳು.
‘ನೀರು ಕಾಯದಿದ್ದರೆ ಗಾಯ ಮಾಯುತ್ತಿತ್ತು ಮಾಮಾ.
ನೀರು ಕಾಯಿಸಿದವರ ಹೆಸರು ಬರೆಯಲು
ಈ ಪಾಟಿ ಎಲ್ಲಿ ಸಾಕು?’
ಸಮಾಧಾನಕ್ಕೆ ಅಂದಳೋ, ಲೆಕ್ಕ ಹೇಳಿದಳೋ.
ಆ ಮನೆಯಲ್ಲಂತೂ ಒಂದೇ ಅಕ್ಷರಕ್ಕೆ ಜಾಗ.

ಈಗ ಲಂಗರು ಎಸೆಯುವುದಿಲ್ಲ,
ತೇಲುವ ನೀಲಿ ಡ್ರಮ್ಮಿಗೆ ಕಟ್ಟುತ್ತೇವೆ.
ಅದು ಕಚ್ಚುವುದಿಲ್ಲ. ದೋಣಿ ಸುಮ್ಮನೆ ಹೊಯ್ದಾಡುತ್ತದೆ.

ವೀಳ್ಯದೆಲೆ ಒರೆಸಿಕೊಂಡು ಸುಣ್ಣದ ಡಬ್ಬಿ ತೆರೆದೆ.
ಬೆರಳು ಒಳಗೆ ಹೋಗಲಿಲ್ಲ.
ಎಲೆ, ಅಡಿಕೆ ಹಾಗೇ ಜಗಿದೆ.
ಉಗುಳಿದರೆ ಹಸಿರು; ಬಾಯಿ ಕೆಂಪಾಗಲೇ ಇಲ್ಲ.
ಮೃಣಾಲಿ ಟೇಪು ಸುತ್ತುತ್ತಿದ್ದಳು.
ಏಳು ಮೀಟರು ಬಾಕಿ, ಅಂದಳು,
ನಾಳೆ ಗಾಳಿ ಏಳದಿದ್ದರೆ.